ಹಸಿರು ಕಾರು ನನ್ನ ಹತ್ತಿರ ಇದೆ

ಫ್ರೀಮ್ಯಾಂಟಲ್,
14 ಡಿಸೆಂಬರ್ 1991

ನನ್ನ ಪ್ರೀತಿಯ ಮುಂಗೋಪಿ ಮರ್ವ್‌ಗೆ,

ಮೊದಲು ಕೂತುಕೋ. ನಿನ್ನ ತಮ್ಮ ಕ್ಲೆಮ್‌ನ ಅಡುಗೆಮನೆಯಲ್ಲಿರುವ ಆ ಕುಂಟು ಕುರ್ಚಿಯ ಮೇಲಲ್ಲ, ಗಟ್ಟಿಯಾದ ಯಾವುದಾದರೂ ಒಂದರ ಮೇಲೆ. ಕೂತೆಯಾ? ಈಗ ಕೇಳು. ಕ್ವಾರ್ನ್‌ನ ನಮ್ಮ ಮನೆಯ ಹಿಂದಿನ ಶೆಡ್ಡು ಖಾಲಿಯಾಗಿದೆ. ನೀನು ಗೋಧಿ ಕೊಯ್ಲಿಗೆಂದು ಕ್ಲೆಮ್‌ನ ಹೊಲಕ್ಕೆ ಹೋದ ಮರುದಿನ ಬೆಳಿಗ್ಗೆಯೇ ನಿನ್ನ ಹಸಿರು ಸ್ಪೋರ್ಟ್ಸ್ ಕಾರು ತೆಗೆದುಕೊಂಡು ಹೊರಟೆ. ಐದು ದಿನ, ಎರಡು ಸಾವಿರದ ನಾನೂರು ಕಿಲೋಮೀಟರು. ನಿನ್ನೆ ಮಧ್ಯಾಹ್ನ ನಮ್ಮ ಮಗಳು ಜಾನೀನ್‌ಳ ಮನೆಯ ಮುಂದೆ ತಂದು ನಿಲ್ಲಿಸಿದ್ದೇನೆ.

ಕಾರಿಗೆ ಒಂದು ಗೀರೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದು ಓದುವುದಿಲ್ಲ. ಪೊಲೀಸರಿಗೆ ಫೋನು ಮಾಡಲೂ ಹೋಗಬೇಡ. ಕಳ್ಳಿಯ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೀಯ ಎಂದು ಅವರ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಂಜಿನ್ ಆಯಿಲ್ ಎಷ್ಟಿತ್ತು, ರೇಡಿಯೇಟರ್ ಕಾದಿತ್ತಾ ಎಂದು ಶುರು ಮಾಡುತ್ತೀಯ. ನಾನು ಹೇಳಬೇಕಾದ ಮಾತು ಅಷ್ಟರಲ್ಲಿ ಗಂಟಲಿಗೆ ಬಂದು ವಾಪಸು ಹೋಗುತ್ತದೆ. ಎಂಟು ವರ್ಷದಿಂದ ಅದು ಹಾಗೇ ಬಂದು ಹೋಗುತ್ತಿದೆ, ಅದಕ್ಕೇ ಕಾಗದ.

ಹೊರಟ ದಿನ ನನಗೂ ಧೈರ್ಯವಿರಲಿಲ್ಲ. ಕ್ಯಾನ್ವಾಸಿನ ಹೊದಿಕೆ ತೆಗೆದು, ಸುಮ್ಮನೆ ಒಳಗೆ ಕೂತು ನೋಡೋಣ ಎಂದುಕೊಂಡೆ. ಕೂತರೆ ಕಾಲು ಪೆಡಲಿಗೆ ಸರಿಯಾಗಿ ಎಟುಕಿತು, ಕನ್ನಡಿಯಲ್ಲಿ ಹಿಂದಿನ ಬಾಗಿಲು ಕಂಡಿತು, ನೀನು ಕಳೆದ ಚಳಿಗಾಲದಲ್ಲಿ ಹೊಲಿಸಿದ ಕೆಂಪು ಚರ್ಮದ ಸೀಟು ಬೆನ್ನಿಗೆ ಹಿತವಾಗಿತ್ತು. ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ಎಂಥ ಸದ್ದು ಮರ್ವ್! ಎಂಟು ವರ್ಷ ಅದರ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕೂತಿದ್ದಕ್ಕೆ ನಿನ್ನನ್ನು ಬೈದಿದ್ದೆಲ್ಲ ಆ ಕ್ಷಣಕ್ಕೆ ವಾಪಸು ತೆಗೆದುಕೊಂಡೆ. ಎರಡು ದಿನಕ್ಕೆ ಬೇಕಾದ ನೀರು, ಒಂದು ಪೆಟ್ಟಿಗೆ ಬಟ್ಟೆ, ಜಾನೀನ್ ಹುಟ್ಟಿದ ವರ್ಷ ನೀನು ನೆಟ್ಟ ಮರದ ಒಂದು ಬುಟ್ಟಿ ಏಪ್ರಿಕಾಟ್ ಹಣ್ಣು ತುಂಬಿಕೊಂಡು ಹೊರಟೇಬಿಟ್ಟೆ.

ನೀನು ಕಲಿಸಿದ ನಿಯಮ ಯಾವುದನ್ನೂ ಮುರಿಯಲಿಲ್ಲ. ಬಿಸಿಲು ಏರಿದ ಮೇಲೆ ಹೊರಟು, ನಾಲ್ಕು ಗಂಟೆಗೆಲ್ಲ ನಿಲ್ಲಿಸಿಬಿಡುತ್ತಿದ್ದೆ. ಸಂಜೆಯ ಕಾಂಗರೂಗಳಿಗೂ ನನಗೂ ಹಳೆಯ ಲೆಕ್ಕ ಒಂದಿದೆ, ಅದು ಮುಂದೆ ಬರುತ್ತದೆ. ಎದುರಿಗೆ ಯಾವ ಗಾಡಿ ಬಂದರೂ ಸ್ಟಿಯರಿಂಗಿನಿಂದ ಒಂದೇ ಬೆರಳು ಎತ್ತಿದೆ. ಇಡೀ ಕೈ ಬೀಸುವವರು ಪಟ್ಟಣದವರು ಎಂದು ನೀನು ಮದುವೆಯ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದೆ. ಮೊದಲ ದಿನ ಲಾರಿಯವರು ಯಾರೂ ತಿರುಗಿ ಬೆರಳೆತ್ತಲಿಲ್ಲ, ಅಷ್ಟು ಎತ್ತರದಲ್ಲಿ ಕೂತವರಿಗೆ ನೆಲಕ್ಕೆ ಅಂಟಿಕೊಂಡ ಈ ಕಾರು ಎಲ್ಲಿ ಕಾಣಬೇಕು? ಸೆಡೂನಾ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲರೂ ಎತ್ತತೊಡಗಿದರು. ಒಬ್ಬ ಹಾರ್ನ್ ಕೂಡ ಹೊಡೆದ. ಏನು ಸಮಾಚಾರ ಎಂದು ರಾಜ್ಯದ ಗಡಿಯಲ್ಲಿ ಲಾರಿಯವರು ಉಣ್ಣಲು ನಿಲ್ಲುವ ರೋಡ್‌ಹೌಸಿಗೆ ಬಂದಾಗ ಗೊತ್ತಾಯಿತು.

ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಆ ರೋಡ್‌ಹೌಸಿನ ಒಡತಿ ಡಲ್ಸಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹಸಿರು ಕಾರಿನ ಅಜ್ಜಿ ನೀನೇನಾ? ಎಷ್ಟೊತ್ತೇ ಮಾರಾಯ್ತಿ ಬರೋದು! ಲಾರಿಯವ್ರು ರೇಡಿಯೋದಲ್ಲಿ ಬೆಳಗ್ಗೆಯಿಂದ ನಿನ್ನದೇ ಮಾತು. ಟೀ ಎರಡ್ ಸಲ ಆರೋಯ್ತು," ಎಂದಳು. ಅಜ್ಜಿ ಅನ್ನಬೇಡ, ಇನ್ನೂ ಒಂದು ತಿಂಗಳು ಟೈಮಿದೆ ಎಂದೆ. ಹೌದು ಮರ್ವ್, ಜನವರಿಯಲ್ಲಿ. ಜಾನೀನ್‌ಗೆ ಎಂಟು ತಿಂಗಳು ತುಂಬಿದೆ. ನಿನಗೆ ಹೇಳಬೇಕೆಂದು ಸೆಪ್ಟೆಂಬರಿನಿಂದ ಬಾಯಿ ತೆರೆಯುತ್ತಲೇ ಇದ್ದೆ, ಅವಳ ಹೆಸರು ಬಂದ ಕೂಡಲೇ ನೀನು ಎದ್ದು ಶೆಡ್ಡಿಗೆ ಹೋಗುತ್ತಿದ್ದೆ.

ಅಲ್ಲಿ ನಾನೊಂದು ಪೆದ್ದ ಕೆಲಸ ಮಾಡಿದ್ದು ಬೆಳಕಿಗೆ ಬಂತು. ನಮ್ಮ ಕಡೆ ಹುಟ್ಟಿದ ಮಕ್ಕಳಿಗೂ ಗೊತ್ತು, ಹಣ್ಣು ಗಡಿ ದಾಟುವಂತಿಲ್ಲ, ಹುಳ ದಾಟೀತೆಂದು ತಪಾಸಣೆಯವರು ಕಿತ್ತುಕೊಂಡು ತೊಟ್ಟಿಗೆ ಹಾಕುತ್ತಾರೆ. ನನಗೂ ಗೊತ್ತು. ಆದರೂ ಒಂದು ಬುಟ್ಟಿ ಏಪ್ರಿಕಾಟನ್ನು ಪಕ್ಕದ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂರಿಸಿಕೊಂಡು ಬಂದಿದ್ದೆ. ಇಲ್ಲೇ ಕೂತು ತಿಂದು ಮುಗಿಸೋಣ ಎಂದು ಹನ್ನೊಂದು ತಿಂದೆ. ಹನ್ನೆರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಮಗಳ ಮರದ ಹಣ್ಣು, ಎಂಟು ವರ್ಷದಿಂದ ಅವಳ ಬಾಯಿಗೆ ಒಂದೂ ಬಿದ್ದಿಲ್ಲ.

"ಅಳ್ಬೇಡ, ಜಾಮ್ ಮಾಡು. ಜಾಮ್ ಬಿಡ್ತಾರೆ," ಎಂದಳು ಡಲ್ಸಿ. ಅಲ್ಲೇ ತನ್ನ ದೊಡ್ಡ ಪಾತ್ರೆ ಇಳಿಸಿಕೊಟ್ಟಳು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಒಳಗೆ ನಾವಿಬ್ಬರು ಒಲೆಯ ಮುಂದೆ ಬೆವರಿಳಿಸುತ್ತ ಮಧ್ಯಾಹ್ನವೆಲ್ಲ ಜಾಮ್ ಕಾಯಿಸಿದೆವು. ಸೌಟು ತಿರುಗಿಸುತ್ತ, ನೀನು ಎಂಟು ವರ್ಷದಿಂದ ಮಗಳ ಜೊತೆ ಮಾತು ಬಿಟ್ಟದ್ದನ್ನು ಹೇಳಿದೆ. ಅವಳು ಕೇಳಿದಳು, "ಅಪ್ಪಂಗೆ ಮಗಳ ಮೇಲೆ ಅಷ್ಟೊಂದು ಸಿಟ್ಟು ಯಾಕೆ? ಅವಳೇನ್ ಮಾಡಿದ್ಲು?"

"ಏನೂ ಮಾಡ್ಲಿಲ್ಲ," ಎಂದೆ, "ಮಾಡಿದ್ದು ನಾನು."

ಮರ್ವ್, ಆ ಮಾತು ಮೊದಲ ಸಲ ನನ್ನ ಬಾಯಿಂದ ಹೊರಗೆ ಬಂದದ್ದು ಒಬ್ಬ ಅಪರಿಚಿತಳ ಅಡುಗೆಮನೆಯಲ್ಲಿ. ಅವಳಿಗೆ ಹೇಳಿದ ಹಾಗೇ ನಿನಗೂ ಹೇಳುತ್ತೇನೆ. ಎಂಟು ವರ್ಷದ ಹಿಂದೆ ಕಾರು ಒಡೆದ ಆ ಸಂಜೆ ಅದನ್ನು ಓಡಿಸುತ್ತಿದ್ದವಳು ಜಾನೀನ್ ಅಲ್ಲ, ನಾನು. ಯಾರೂ ಮುಟ್ಟಬಾರದು ಎಂದು ನೀನು ಹೇಳಿದ್ದ ಕಾರನ್ನು ನನ್ನ ಅಕ್ಕನಿಗೆ ತೋರಿಸಿ ಮೆರೆಯಬೇಕೆಂಬ ಆಸೆ ನನ್ನದು. ಬೇಡಮ್ಮಾ, ಕತ್ತಲಾಗ್ತಿದೆ, ದೊಡ್ಡಮ್ಮನ ಮನೇಲೇ ಇದ್ದು ಬೆಳಿಗ್ಗೆ ಹೋಗೋಣ ಎಂದವಳು ಅವಳು. ನಾನು ಕೇಳಲಿಲ್ಲ. ಕಾಂಗರೂ ಪೊದೆಯಿಂದ ನೇರ ಹಾರಿ ಬಂತು, ಮುಂಭಾಗವೆಲ್ಲ ನಜ್ಜುಗುಜ್ಜಾಯಿತು. ಯಾರದೋ ಜೀಪಿನಲ್ಲಿ ಮನೆಗೆ ಬಂದೆವು. ನೀನು ಬಾಗಿಲಲ್ಲೇ "ಯಾರು ಓಡಿಸಿದ್ದು?" ಎಂದು ಗರ್ಜಿಸಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ "ನಾನು" ಎಂದುಬಿಟ್ಟಳು.

ನೀನು ಅವಳಿಗೆ ಆಡಿದ ಮಾತು ನನಗೆ ಒಂದೊಂದೂ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ನಾನು ಬಾಯಿ ಬಿಡಲಿಲ್ಲ. ಮೊದಲ ದಿನ ಭಯ. ಎರಡನೇ ದಿನ ನಾಚಿಕೆ. ಮೂರನೇ ದಿನಕ್ಕೆ ಅವಳು ಇಲ್ಲಿಗೆ ಪಕ್ಕದ ಪರ್ತ್‌ಗೆ ಬಸ್ ಟಿಕೆಟ್ ತೆಗೆದಾಗಿತ್ತು. ಆಮೇಲೆ ಒಂದೊಂದು ವರ್ಷ ಕಳೆದ ಹಾಗೂ ಹೇಳುವುದು ಇನ್ನೂ ಕಷ್ಟವಾಯಿತು. ನನಗಿಂತ ಹೇಡಿ ಇಡೀ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬಳಿಲ್ಲ.

ಡಲ್ಸಿ ಎಲ್ಲ ಕೇಳಿಸಿಕೊಂಡು ಏನಂದಳು ಗೊತ್ತಾ? "ತಳ ಹಿಡೀತಿದೆ, ಕೈಯಾಡ್ಸು." ಆಮೇಲೆ ಒಲೆ ಸಣ್ಣ ಮಾಡಿ, "ಮಗಳು ಎಂಟು ವರ್ಷ ಹೊತ್ಕೊಂಡಳಲ್ಲ, ಇನ್ ಸಾಕು, ಇಳಿಸ್ಕೋ," ಎಂದಳು. ಏಳು ಬಾಟಲಿ ಜಾಮ್ ಆಯಿತು. ಒಂದನ್ನು ಅವಳಿಗೆ ಕೊಟ್ಟು, ಮರುದಿನ ತಪಾಸಣೆಯವನ ಮುಂದೆ ಆರನ್ನೂ ಸಾಲಾಗಿ ಇಟ್ಟು ತೋರಿಸಿ ಗಡಿ ದಾಟಿದೆ.

ಈಗ ನಿನಗೆ ನಗು ಬರುವ ಸಂಗತಿ. ಬಾಗು ತಿರುವುಗಳಿಲ್ಲದ ಆ ನೂರೈವತ್ತು ಕಿಲೋಮೀಟರಿನ ನೇರ ರಸ್ತೆಯ ನಟ್ಟ ನಡುವೆ ಫ್ಯಾನ್ ಬೆಲ್ಟು ತುಂಡಾಯಿತು. (ಗೀರಾಗಿಲ್ಲ ಎಂದೆ, ಬೆಲ್ಟಿನ ವಿಷಯ ಹೇಳಿರಲಿಲ್ಲ.) ನೀನು ಹಿಂದೊಮ್ಮೆ ಪಿಕ್‌ನಿಕ್ಕಿನ ದಿನ ಮಾಡಿ ತೋರಿಸಿದ್ದು ನೆನಪಾಗಿ, ಪೆಟ್ಟಿಗೆಯಿಂದ ಒಂದು ನೈಲಾನ್ ಸ್ಟಾಕಿಂಗ್ಸ್ ತೆಗೆದು ಬಿಗಿಯಾಗಿ ಕಟ್ಟುತ್ತಿದ್ದೆ. ಮೂರು ಟ್ರೇಲರ್ ಎಳೆದುಕೊಂಡು ಬರುತ್ತಿದ್ದ ನೆವಿಲ್ ಎಂಬ ಲಾರಿಯವನು ಅರ್ಧ ಕಿಲೋಮೀಟರು ಮುಂದೆ ಹೋಗಿ ನಿಲ್ಲಿಸಿ ನಡೆದುಕೊಂಡು ಬಂದ.

"ಕಾರು ಕಾಣ್ಲೇ ಇಲ್ಲ ಕಣಮ್ಮ, ಟೋಪಿ ಒಂದೇ ಕಾಣ್ತು. ಯಾರೋ ಟೋಪಿ ಬೀಳಿಸ್ಕೊಂಡು ಹೋಗಿದಾರೆ ಅಂದ್ಕೊಂಡೆ," ಎಂದ. ಬಾನೆಟ್ಟಿನೊಳಗೆ ಇಣುಕಿ, "ಇದನ್ ಯಾರ್ ಹೇಳ್ಕೊಟ್ರು?" ಎಂದ.

"ನನ್ನ ಗಂಡ. ಈ ಕಾರು ಮುಟ್ಬಾರ್ದು ಅಂತ ಹೇಳಿದ್ದೂ ಅವನೇ."

"ಎರಡ್ರಲ್ಲಿ ಒಂದನ್ನಾದ್ರೂ ಕೇಳಿದ್ಯಲ್ಲ, ಸಾಕ್ ಬಿಡು."

ಅವನು ಗಂಟು ಸರಿಮಾಡಿ, ಮುಂದಿನ ಪೆಟ್ರೋಲ್ ಬಂಕಿನವರೆಗೂ ನನ್ನ ಹಿಂದೆ ಎಂಬತ್ತರ ವೇಗದಲ್ಲೇ ಬಂದ. ಆ ನೇರ ದಾರಿಯಲ್ಲಿ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ. ಗುರುತು ಪರಿಚಯವಿಲ್ಲದ ಲಾರಿಯವನಿಗೂ ನೀನು ಮೂವತ್ತು ವರ್ಷದಿಂದ ಬೆರಳೆತ್ತುತ್ತಿದ್ದೀಯ, ಮಗಳಿಗೆ ಮಾತ್ರ ಎತ್ತಲಿಲ್ಲ. ಹಾಗೆ ಬೈಯುವ ಹಕ್ಕು ನನಗಿಲ್ಲ ಎಂಬುದೂ ಅಲ್ಲೇ ಹೊಳೆಯಿತು. ಆದರೂ ಬೈದೆ, ಗಟ್ಟಿಯಾಗಿ, ಕಾರಿನಲ್ಲಿ ಒಬ್ಬಳೇ ಕೂತು.

ಜಾನೀನ್ ಬಾಗಿಲು ತೆಗೆದವಳು ಮೊದಲು ಕಾರನ್ನು ನೋಡಿದಳು, ಆಮೇಲೆ ನನ್ನನ್ನು. ಹೊಟ್ಟೆ ಹಿಡಿದುಕೊಂಡು ನಗತೊಡಗಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಅವಳ ಗಂಡನ ಹೆಸರು ಮಾರಿನ್, ಮೀನುಗಾರ, ಮೈಯೆಲ್ಲ ಸಾರ್ಡೀನಿನ ವಾಸನೆ, ಬಂಗಾರದಂಥ ಹುಡುಗ. ಕಾರಿನ ಸುತ್ತ ಮೂರು ಸುತ್ತು ಹಾಕಿ ಒಂದು ಬೆರಳನ್ನೂ ತಾಗಿಸಲಿಲ್ಲ, ನಿನ್ನ ವಿಷಯ ಅವನಿಗೆ ಚೆನ್ನಾಗಿ ಗೊತ್ತಿದೆ. ಇವತ್ತು ಬೆಳಿಗ್ಗೆ ಜಾನೀನ್ ರೊಟ್ಟಿಗೆ ಜಾಮ್ ಬಳಿದುಕೊಂಡು ಕಣ್ಣು ಮುಚ್ಚಿ ತಿಂದಳು. ನಿನಗೆ ಎಲ್ಲ ಬರೆಯುತ್ತೇನೆ ಎಂದಾಗ, "ಬೇಡ ಅಮ್ಮಾ, ಈ ಸಲ ನಿನ್ನನ್ನ ಮನೆಯಿಂದ ಓಡಿಸ್ತಾರೆ," ಎಂದಳು. ಓಡಿಸಲಿ, ನಿನ್ನ ಅಡುಗೆಮನೆ ದೊಡ್ಡದಿದೆ ಎಂದೆ.

ನನ್ನ ಮೇಲೆ ಸಿಟ್ಟು ಮಾಡು, ಪೂರ್ತಿ ಮಾಡು, ಅದು ನನಗೇ ಸೇರಬೇಕಾದದ್ದು. ಆದರೆ ನಿನ್ನ ಕಾರು ಬೇಕೆಂದರೆ ಇಲ್ಲಿಗೆ ಬಂದೇ ತೆಗೆದುಕೊಂಡು ಹೋಗಬೇಕು. ಪೋರ್ಟ್ ಆಗಸ್ಟಾದಿಂದ ರೈಲಿದೆ. ಮಗು ಬರುವ ಮುಂಚೆ ಬಾ.

ನಿನ್ನ ಹೆಂಡತಿ ಮತ್ತು ಕಾರುಗಳ್ಳಿ,
ಎನಿಡ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಸೇರಿಸಬೇಕು. ಈಗ ತಾನೇ ಕಾರನ್ನು ನೆರಳಿಗೆ ಸರಿಸೋಣವೆಂದು ಜಾನೀನ್ ಒಳಗೆ ಕೂರಲು ಹೋದಳು. ಮಂಡಿ ಸ್ಟಿಯರಿಂಗಿಗೆ ಬಡಿಯಿತು, ಹೊಟ್ಟೆ ಸಿಕ್ಕಿಕೊಂಡಿತು, ಒಳಗೆ ಹೋಗಲೇ ಆಗಲಿಲ್ಲ. ನಿನ್ನ ಹಾಗೇ ಆರಡಿ ಹುಡುಗಿ ಅವಳು. "ಸೀಟನ್ನ ಇಷ್ಟು ಮುಂದೆ ಎಳೆದದ್ದು ಯಾರಮ್ಮ?" ಎಂದಳು. ನಾನು ಎಳೆದಿಲ್ಲ, ಮರ್ವ್. ಶೆಡ್ಡಿನಲ್ಲಿ ಮೊದಲ ದಿನ ಕೂತಾಗಲೇ ಅದು ಕೆಳಗಿನ ಹಳಿಯ ಎಲ್ಲಕ್ಕಿಂತ ಮುಂದಿನ ಹಲ್ಲಿನಲ್ಲಿತ್ತು, ಐದಡಿಯ ನನ್ನ ಕಾಲಿಗೆ ಸರಿಯಾಗಿ. ಕಳೆದ ಚಳಿಗಾಲ ಆ ಸೀಟನ್ನು ಕಳಚಿ, ಹೊಸ ಚರ್ಮ ಹೊಲಿಸಿ, ನಿನ್ನ ಕೈಯಾರೆ ಮತ್ತೆ ಕೂರಿಸಿದವನು ನೀನು. ಒಡೆದ ಕಾರು ಮನೆಗೆ ಬಂದ ದಿನ ಸೀಟು ಎಲ್ಲಿತ್ತೋ ಅಲ್ಲೇ ಕೂರಿಸಿದ್ದೀಯ. ಅಂದರೆ ಓಡಿಸಿದ್ದು ಅವಳಲ್ಲ ಎಂದು ನಿನಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಬಾಯಿ ಬಿಡಲಿ ಎಂದು ಕಾಯುತ್ತಿದ್ದೆಯಾ, ಅವಳ ಮುಂದೆ ತಪ್ಪಾಯಿತು ಎನ್ನಲು ನಿನಗೂ ಬಾಯಿ ಬರಲಿಲ್ಲವಾ? ಎಂಥ ಮೊಂಡ ಜೋಡಿ ನಾವು! ಜಾನೀನ್‌ಗೆ ಹೇಳಿದೆ. ಅವಳು ಬಗ್ಗಿ ಸೀಟನ್ನು ಎಲ್ಲಕ್ಕಿಂತ ಹಿಂದಿನ ಹಲ್ಲಿಗೆ ತಳ್ಳಿದಳು. "ಅಪ್ಪಂಗೆ ಇಷ್ಟು ಬೇಕಾಗುತ್ತೆ," ಎಂದಳು. ಅದು ಈಗ ಅಲ್ಲೇ ಇದೆ.