ಹಾರ ಬೇಡವೆಂದ ಪುಕ್ಕಲ

ಮಾರ್ಚ್ ೯, ಸೋಮವಾರ ರಾತ್ರಿ.

ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರ, ಒತ್ತು ದೀರ್ಘಗಳೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೆ ನಿಂತ ಕೈ, ಕ್ಷಮಿಸಬೇಕು.

ಸಂಜೆ ಟೀವಿಯಲ್ಲಿ ಕಾಮಿಡಿ ಸಿನಿಮಾ ನೋಡಿದೆವು. ಅದರಲ್ಲಿ ಒಬ್ಬ ಪುಕ್ಕಲ ಹೆದರಿ ಹಿಟ್ಟಿನ ಮೂಟೆಯೊಳಗೆ ಅಡಗುತ್ತಾನೆ. ಕಳ್ಳರು ಆ ಮೂಟೆ ಎಡವಿ ಬಿದ್ದು ಸಿಕ್ಕಿಬೀಳುತ್ತಾರೆ. ಊರವರು ಹಾರ ತಂದರೆ ಅವನು, "ನಾನು ಹಿಡೀಲಿಲ್ಲ ಕಣ್ರೀ, ಅಡಗಿದ್ದೆ ಅಷ್ಟೇ," ಎನ್ನುತ್ತಾನೆ.

ತಮ್ಮ ಬಿದ್ದುಬಿದ್ದು ನಕ್ಕ. "ದಡ್ಡ! ಸುಮ್ನಿದ್ದಿದ್ರೆ ಹೀರೋ ಆಗ್ತಿದ್ದ."

ಚಿಕ್ಕಮ್ಮ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಈಗ್ಲೇ ಹೀರೋ ಆಗಿದ್ದು ಕಣೋ, ಬಾಯಿಬಿಟ್ಟು ಹೇಳಿದ್ನಲ್ಲ," ಎಂದಳು.

ನನಗೆ ನಗು ಬರಲಿಲ್ಲ. ಲಾಂಡ್ರಿಯ ಇಸ್ತ್ರಿ ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಸರಳನ್ನು, ಕೆಲಸ ಬೇಗ ಸಾಗಲೆಂದು ಮೇಲೆತ್ತಿ ಬಟ್ಟೆಚೂರಿನಿಂದ ಕಟ್ಟಿದವಳು ನಾನು. ಬಿಚ್ಚಲು ಮರೆತು ಮನೆಗೆ ಬಂದೆ. ಮುಂದಿನ ಪಾಳಿಯಲ್ಲಿ ಅದೇ ಯಂತ್ರಕ್ಕೆ ಕೆಲಸಕ್ಕೆ ಬಂದ ಚಿಕ್ಕಮ್ಮನ ಮೂರು ಬೆರಳು ಹೋದವು. "ತಾನೇ ಕಟ್ಟಿ ತಾನೇ ಕೈ ಕೊಟ್ಲು," ಎಂದು ಮೇಸ್ತ್ರಿ ಅವಳನ್ನು ಕೆಲಸದಿಂದ ತೆಗೆದ. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಹೇಳಿದರೆ ನನ್ನ ಕೆಲಸವೂ ಹೋಗುತ್ತದೆ. ಈಗ ದುಡಿಯುವವಳು ನಾನೊಬ್ಬಳೇ. ಆದರೆ ಅದೊಂದೇ ಕಾರಣ ಎಂದು ಬರೆಯಲು ಕೈ...

ಬೆಳಿಗ್ಗೆ ಅವಳ ತಲೆ ಬಾಚಿ ಜಡೆ ಹಾಕಿದೆ. "ನಿನ್ನ ಕೈ ಬಲು ಮೆತ್ತಗೆ ಕಣೇ," ಎಂದಳು.