ಅಕ್ಕಿಯಲ್ಲಿ ಬರೆದ ಹೆಸರು

ರಬಕವಿ
ಬುಧವಾರ, ೧೨ ಫೆಬ್ರುವರಿ ೨೦೨೫

ವೈಜೂನ ಯಜಮಾನರಿಗೆ ಅಂಜನಾ ಮಾಡುವ ನಮಸ್ಕಾರಗಳು.

‘ನನ್ನ ಯಜಮಾನರಿಗೆ’ ಎಂದು ಬರೆಯಬೇಕಿತ್ತು. ಆದರೆ ಮದುವೆಯಾಗಿ ಹದಿನೈದು ವರ್ಷವಾದರೂ ನೀವು ನನ್ನವರೋ ಆ ನಾಯಿಯವರೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಫೋನೇ ಮಾಡಬಹುದಿತ್ತು. ನೀವು ಮಾತಾಡುವಾಗ ಪಕ್ಕದಲ್ಲಿ ಅದು ಏದುಸಿರು ಬಿಡುವುದು ಕೇಳಿಸುತ್ತದೆ, ಆಮೇಲೆ ನನಗೆ ಜಗಳಾಡಲು ಆಗುವುದಿಲ್ಲ. ತಮ್ಮ ಹಣಮಂತ ಸೀರೆ ಗಂಟು ಕೊಡಲು ಮುಧೋಳಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನೆ ನೀವು ಅವನಿಗೆ ಫೋನಿನಲ್ಲಿ ಹೇಳಿದ್ದೇನು? ‘ವೈಜೂ ನಾಕ ದಿನದಿಂದ ಏನೂ ತಿಂದಿಲ್ಲ, ನಿಮ್ಮಕ್ಕಗ ಲಗೂನ ಬಾ ಅಂತ ಹೇಳು’ ಅಂತ. ಸಿಟ್ಟು ಮಾಡಿಕೊಂಡು ತವರಿಗೆ ಬಂದ ಹೆಂಡತಿಯನ್ನು ಗಂಡ ತಾನೇ ಬಂದು ಕರೆದುಕೊಂಡು ಹೋಗಬೇಕು. ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಹಾಗೇ ನಡೆದುಬಂದಿದೆ. ನಮ್ಮವ್ವ ಎಂಟು ದಿನದಿಂದ ಮುಧೋಳದ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಬಂದು ಕೂರುತ್ತಾಳೆ. ನೀವು ಬಂದು ಕರೆಯದೆ ನಾನು ಬರುವುದಿಲ್ಲ.

ನಾನು ಯಾಕೆ ಬಂದೆನೆಂದು ನಿಮಗೆ ತಿಳಿದೇ ಇಲ್ಲವಂತೆ. ವೈಜೂಗೆ ಹದಿಮೂರು ತುಂಬಿತೆಂದು ಓಣಿಗೆಲ್ಲ ಪೇಢೆ ಹಂಚಿದಿರಿ. ಅದಕ್ಕೆ ಶಾಲು ಹೊದಿಸಿ, ನನ್ನ ಕೈಗೆ ಆರತಿ ತಟ್ಟೆ ಕೊಟ್ಟಿರಿ. ಬೆಳಗಿದೆ. ಆಗ ಎದುರು ಮನೆಯ ಇಂದ್ರವ್ವ, ಇಷ್ಟು ಛಲೋ ಹೆಸರು ಎಲ್ಲಿ ಹುಡುಕಿದ್ರಿ ಅಂತ ಕೇಳಿದಳು. ನೀವು ನಗುತ್ತಾ ಹೇಳಿಬಿಟ್ಟಿರಿ, ‘ಇದು ಇಕಿಗಿ ಇಟ್ಟ ಹೆಸರ್ರಿ. ಇಕಿ ಒಲ್ಲೆ ಅಂದ್ಲು, ಇದು ತಗೊಂಡ್ತು. ಹದಿಮೂರು ವರ್ಷದಾಗ ಒಮ್ಮೆನೂ ಎದುರು ಮಾತಾಡಿಲ್ಲ’ ಅಂತ. ಓಣಿಯೆಲ್ಲ ನಕ್ಕಿತು. ನಾನು ತಟ್ಟೆ ಕೆಳಗಿಟ್ಟು ಬಸ್ಸು ಹತ್ತಿದೆ.

ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ನೀವು ‘ವೈಜಯಂತಿ’ ಎಂದು ಬರೆದಿರಿ. ಹೊಸ ಸೊಸೆಗೆ ಹೊಸ ಹೆಸರು, ಅದು ನಮ್ಮ ಪದ್ಧತಿ. ಅಪ್ಪ ಇಟ್ಟ ಹೆಸರು ಬಿಡಲಾರೆ ಎಂದೆ. ಅಪ್ಪ ತೀರಿ ಆಗ ಆರು ತಿಂಗಳೂ ಆಗಿರಲಿಲ್ಲ. ನೀವು ಅಂಗೈಯಿಂದ ಅಕ್ಕಿ ಸವರಿ, ‘ಆತು ಬಿಡು’ ಎಂದಿರಿ. ಆ ಮಾತಿಗೆ ನಿಮ್ಮನ್ನು ಎಷ್ಟು ಮೆಚ್ಚಿದೆನೆಂದು ಇವತ್ತಿಗೂ ಹೇಳಿಲ್ಲ. ಎರಡು ವರ್ಷದ ಮೇಲೆ ಟವೆಲಿನಲ್ಲಿ ಸುತ್ತಿ ಮರಿ ತಂದು, ಅದಕ್ಕೆ ಆ ಹೆಸರಿಟ್ಟಿರಿ. ಅಂದು ಹತ್ತಿದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನನ್ನನ್ನು ‘ಏ, ಕೇಳಿಲ್ಲೆ’ ಎನ್ನುವ ಬಾಯಿ ಅದನ್ನು ‘ಬಾ ನನ್ನವ್ವಾ, ಉಣ್ಣ ಬಾ’ ಎನ್ನುತ್ತದೆ. ಒಮ್ಮೆ ನನ್ನನ್ನೇ ಕರೆದಿರೆಂದು ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಅದರ ತಟ್ಟೆಯ ಮುಂದೆ ನಿಂತಿದ್ದೆ. ನೀವು ನೋಡಲಿಲ್ಲ. ಅದು ನೋಡಿತು.

ಈಗ ನಿಮಗೂ ಸ್ವಲ್ಪ ಉರಿಯಲಿ. ಸಂಜೆ ನಾಲ್ಕಕ್ಕೆ ಅದು ಬಾಗಿಲಲ್ಲಿ ಕಾಯುವುದು ನಿಮ್ಮನ್ನಲ್ಲ. ಬೀಳಗಿ ಬಸ್ಸು ಓಡಿಸಿ ನೀವು ಬರುವುದು ಆರಕ್ಕೆ. ನಾಲ್ಕಕ್ಕೆ ಅಂಗನವಾಡಿಯಿಂದ ಬರುವವಳು ನಾನು. ಕಬ್ಬಿನ ಹೊಲದಲ್ಲಿ ಕಣ್ಣಿಗೆ ಸಿಗದಂತೆ ಓಡುತ್ತಿದ್ದ ಪ್ರಾಣಿ, ಈಗ ಹಿಂಗಾಲು ನಡುಗಿದರೂ ನನ್ನ ಚಪ್ಪಲಿಯ ಸದ್ದಿಗೆ ಎದ್ದು ನಿಲ್ಲುತ್ತದೆ. ನನಗೆ ಚಿಕುನ್‌ಗುನ್ಯಾ ಆದಾಗ ಹನ್ನೊಂದು ದಿನ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲ. ನೀವು ರಜೆ ಸಿಗಲಿಲ್ಲ ಎಂದಿರಿ.

ವೈಜೂನನ್ನು ನೋಡಿ ಡಾಕ್ಟರ್ ಏನೆಂದರೆಂದು ಹಣಮಂತನಿಗೆ ನೀವು ಹೇಳಲಿಲ್ಲ. ಹೇಳದ್ದರಿಂದಲೇ ನನಗೆ ತಿಳಿಯಿತು. ರೊಟ್ಟಿಯನ್ನು ಹಾಲಿನಲ್ಲಿ ನುಣ್ಣಗೆ ಕಿವುಚಿ, ನೆಲದ ಮೇಲೆ ಕುಳಿತು, ಅಂಗೈಯಲ್ಲಿ ಹಿಡಿಯಿರಿ. ತಟ್ಟೆಯಲ್ಲಿಟ್ಟರೆ ಅದು ಮುಟ್ಟುವುದಿಲ್ಲ. ಎರಡು ವರ್ಷದಿಂದ ಹಾಗೇ ತಿನ್ನಿಸುತ್ತಿದ್ದೇನೆ.

ಅಪ್ಪ ಇಟ್ಟ ಹೆಸರಿನ ನಿಮ್ಮ
ಅಂಜನಾ

ತಾ.ಕ.: ಹಣಮಂತ ಚಹಾ ಕುಡಿಯುತ್ತಿದ್ದಾನೆ, ಅಷ್ಟರೊಳಗೆ ಬರೆಯುತ್ತೇನೆ. ನೀವಿಲ್ಲದಾಗ ನಾನು ಅದನ್ನು ಒಂದು ದಿನವೂ ವೈಜೂ ಎಂದು ಕರೆದಿಲ್ಲ. ಸವತಿ ಎನ್ನುತ್ತೇನೆ. ‘ತಿನ್ನ ನನ್ನ ಸವತಿ’ ಎಂದರೆ ಬಾಲ ಆಡಿಸಿ ಬಾಯಿ ತೆರೆಯುತ್ತದೆ. ಇವತ್ತೊಂದು ದಿನ ನೀವೂ ಹಾಗೇ ಕರೆದು ನೋಡಿ. ನಾಳೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ನೀವು ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೀರೆಂದು ಅವ್ವನಿಗೆ ಸುಳ್ಳು ಹೇಳುತ್ತೇನೆ. ನೀವು ಕರೆಯಲು ಬರಬೇಡಿ. ನೀವೂ ಇತ್ತ ಬಂದರೆ ಮನೆಯಲ್ಲಿ ಅದೊಂದೇ ಉಳಿಯುತ್ತದೆ.