ಜ್ವರವೆಂದು ಬರೆಯುವುದಿಲ್ಲ

ಜನನ-ಮರಣ ನೋಂದಣಿ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ರಜೆ ಅರ್ಜಿಯನ್ನು ನಿನ್ನೆ ಹಿಂದಿರುಗಿಸಿದಿರಿ. "ಮನಸ್ಸು ಗಿನಸ್ಸು ಅಂದ್ರೆ ನಾಳೆ ಹುಚ್ಚಿ ಅಂತಾರಮ್ಮ. ಜ್ವರ ಅಂತ ಬರಿ, ಎಲ್ರೂ ಹಾಗೇ ಬರೆಯೋದು" ಎಂದಿರಿ. ಅನ್ನುವವರು ಅನ್ನಲಿ ಸಾರ್. ನನಗೆ ಜ್ವರವಿಲ್ಲ. ಹೆರಿಗೆಯಾದಾಗಿನಿಂದ ನಿದ್ದೆ ಹತ್ತಿಲ್ಲ; ಮಗಳು ಮಲಗಿದರೂ ಅವಳ ಉಸಿರಿಗೆ ಕಿವಿಗೊಟ್ಟು ಕೂತಿರುತ್ತೇನೆ.

ಸೋಮವಾರ, ಜನನ ಪತ್ರ ಕೇಳಿ ಬಂದ ತಂದೆಗೆ ನಾನು ಮರಣ ಪತ್ರ ಬರೆದುಕೊಟ್ಟೆ. "ಇದೇನು ಮೇಡಂ, ಮಗು ನನ್ ಹೆಗಲ ಮೇಲೇ ಇದೆಯಲ್ಲ!" ಎಂದು ಆತ ಪತ್ರವನ್ನು ಕೌಂಟರಿನ ಮೇಲೆ ವಾಪಸ್ಸಿಟ್ಟ. ಇನ್ನೊಬ್ಬರ ಮಗುವಿಗೆ ಹಾಗಾಗುವುದು ಬೇಡ.

ನನ್ನನ್ನು ನೋಡಿದ ವೈದ್ಯರು ಹೇಳಿದ ಕಾರಣವನ್ನೇ, 'ಹೆರಿಗೆಯ ನಂತರದ ಖಿನ್ನತೆ' ಎಂದು ಮತ್ತೆ ಬರೆದು ಅರ್ಜಿ ಇಟ್ಟಿದ್ದೇನೆ. ನಾಳೆಯಿಂದ ಬರುವುದಿಲ್ಲ. ರಜೆ ಕೊಡಲಾಗದಿದ್ದರೆ, ಯಾಕೆಂದು ನಿಮ್ಮ ಕೈಯಾರೆ ಬರೆದು, ಸಹಿ ಹಾಕಿ ಕಳಿಸಿ.

ಇಂತಿ,
ಎರಡನೇ ಕೌಂಟರಿನ ಗುಮಾಸ್ತೆ